ಪಿಜಿ ಸೀಟು ಸಿಕ್ಕಾಯ್ತು, ಅಂಗಡಿಗೆ ಯಾರು ಕೂರ್ತಾರೆ? ಎಂ.ಎ, ಎಂ.ಕಾಂ ಸೇರುವವರ ಮನೆಯವರೂ ತಿಳಿದಿರಬೇಕಾದ ಲೆಕ್ಕ

ಮಹದೇವಪುರ: ಈ ಕಡೆ 'ಪಿಜಿ' ಅಂದರೆ ಮೊದಲು ನೆನಪಾಗೋದು ಐಟಿ ಹುಡುಗರು ಬಾಡಿಗೆಗಿರುವ ಪೇಯಿಂಗ್ ಗೆಸ್ಟ್ ಕಟ್ಟಡ. ಓದುವ ಪಿಜಿ, ಅಂದರೆ ಎಂ.ಎ, ಎಂ.ಕಾಂ, ಎಂ.ಎಸ್ಸಿ, ಬಹಳಷ್ಟು ಮನೆಗಳಿಗೆ ಇನ್ನೂ ಹೊಸದು. ಅಪ್ಪ ಎಸ್ಸೆಸ್ಸೆಲ್ಸಿ, ಅಣ್ಣ ಡಿಗ್ರಿ, ತಂಗಿ ಈಗ ಎಂ.ಕಾಂ ಸೇರಿದ್ದಾಳೆ ಅನ್ನುವ ಮನೆಗಳು ಮಹದೇವಪುರ, ಹೂಡಿ, ಗರುಡಾಚಾರ್ ಪಾಳ್ಯ, ಕೆ.ಆರ್.ಪುರದ ಬೀದಿ ಬೀದಿಯಲ್ಲೂ ಸಿಗುತ್ತವೆ. ಡಿಗ್ರಿ ಹೇಗೆ ಓದಿದರೋ ಇದೂ ಹಾಗೇ, ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಅಂಗಡಿ, ಪರೀಕ್ಷೆ ಹದಿನೈದು ದಿನ ಇರುವಾಗ ಗೈಡ್ ಹಿಡಿದರೆ ಆಯ್ತು ಅನ್ನುವ ನಂಬಿಕೆ ಈ ಮನೆಗಳಲ್ಲಿ ಇದೆ. ಎಡವಟ್ಟಾಗೋದು ಅಲ್ಲೇ. ಪಿಜಿಯ ನಿಯಮಗಳು ಕಷ್ಟದವೇನಲ್ಲ. ಆದರೆ ಅವು ಮೊದಲ ವಾರದಿಂದಲೇ ಓಡಲು ಶುರು ಮಾಡುತ್ತವೆ, ಮನೆಯವರಿಗೆ ಗೊತ್ತಾಗೋದು ಮಾತ್ರ ಹಾಲ್ ಟಿಕೆಟ್ ಬಾರದಿದ್ದಾಗ.

ಮೊದಲು ಯಾವ ವಿಶ್ವವಿದ್ಯಾಲಯ ಅನ್ನೋದು ಗೊತ್ತಿರಬೇಕು. 1964ರಲ್ಲಿ ಶುರುವಾದ ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರು ಭಾಗವಾಯಿತು. ಕೆ.ಆರ್.ಪುರ ಕಡೆಯ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ಹೆಸರಲ್ಲಿ ಬೆಂಗಳೂರು ಇದ್ದರೂ ಅದರ ಕಚೇರಿ ಇರೋದು ಕೋಲಾರದ ಟಮಕದಲ್ಲಿ, ಸ್ನಾತಕೋತ್ತರ ಕೇಂದ್ರ ಅಲ್ಲೇ ಹತ್ತಿರದ ಮಂಗಸಂದ್ರದಲ್ಲಿ. ಅಂಕಪಟ್ಟಿಯಲ್ಲಿ ಹೆಸರು ತಪ್ಪಾದರೆ, ಮೈಗ್ರೇಷನ್ ಸರ್ಟಿಫಿಕೇಟ್ ಬೇಕಾದರೆ ಹಳೇ ನೆನಪಿನ ಮೇಲೆ ಜ್ಞಾನಭಾರತಿಗೆ ಹೋಗಿ ವಾಪಸ್ ಬಂದು ಒಂದು ದಿನ ಕಳೆದುಕೊಂಡವರು ಕಡಿಮೆ ಇಲ್ಲ. ನಗರದೊಳಗಿನ ಸೆಂಟ್ರಲ್ ಕಾಲೇಜು ಆವರಣದಲ್ಲಿ ಇರೋದು ಇನ್ನೊಂದು ವಿಶ್ವವಿದ್ಯಾಲಯ. ಮೂರಕ್ಕೂ ಕಚೇರಿ, ಪರೀಕ್ಷಾ ವೇಳಾಪಟ್ಟಿ, ಪಠ್ಯಕ್ರಮ ಬೇರೆ ಬೇರೆ. ಪಕ್ಕದ ಮನೆ ಹುಡುಗ ಅದೇ ಎಂ.ಕಾಂ ಓದ್ತಿದ್ದಾನೆ ಅಂತ ಅವನ ನೋಟ್ಸ್ ಜೆರಾಕ್ಸ್ ಮಾಡಿಸುವ ಮೊದಲು ಅವನದು ಯಾವ ವಿಶ್ವವಿದ್ಯಾಲಯ ಅಂತ ಕೇಳಿ.

ಓಡಾಟ ಮೊದಲಿನಷ್ಟು ಕಷ್ಟ ಇಲ್ಲ. 2023ರ ಮಾರ್ಚ್‌ನಲ್ಲಿ ಕೆ.ಆರ್.ಪುರ–ವೈಟ್‌ಫೀಲ್ಡ್ ಮೆಟ್ರೊ, ಅದೇ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್.ಪುರ ನಡುವಿನ ತುಂಡು ಶುರುವಾದ ಮೇಲೆ ಸಿಂಗಯ್ಯನಪಾಳ್ಯದಲ್ಲಿ ಹತ್ತಿದವರು ಸೆಂಟ್ರಲ್ ಕಾಲೇಜು ನಿಲ್ದಾಣಕ್ಕೂ ಜ್ಞಾನಭಾರತಿ ನಿಲ್ದಾಣಕ್ಕೂ ಗಾಡಿ ಬದಲಿಸದೆ ಹೋಗಬಹುದು. ಕೋಲಾರಕ್ಕೆ ಹಳೇ ಮದ್ರಾಸ್ ರಸ್ತೆಯ ಬಸ್ಸೇ ದಾರಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ದುಡ್ಡಿಲ್ಲ. ಹುಡುಗರು ಸೇವಾ ಸಿಂಧುವಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಬೇಕು. ಕೆ.ಆರ್.ಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲೇ ಸ್ನಾತಕೋತ್ತರ ವಿಭಾಗಗಳಿರೋದರಿಂದ ಬಹಳ ಮಂದಿಗೆ ಅಷ್ಟು ದೂರ ಹೋಗುವ ಅಗತ್ಯವೂ ಬರಲ್ಲ.

ಶನಿವಾರ ಅಂಗಡಿಗೆ ಕೂತರೆ ಏನಾಗುತ್ತೆ?

ಪಿಜಿ ಎರಡು ವರ್ಷ, ನಾಲ್ಕು ಸೆಮಿಸ್ಟರ್. (ಎನ್‌ಇಪಿ ಬ್ಯಾಚಿನಲ್ಲಿ ನಾಲ್ಕು ವರ್ಷದ ಆನರ್ಸ್ ಮುಗಿಸಿದವರ ಲೆಕ್ಕ ಬೇರೆ.) ಹಾಜರಾತಿ ಶೇ 75 ಇರಬೇಕು ಅನ್ನೋದು ಎಲ್ಲರಿಗೂ ಗೊತ್ತು. ಅದನ್ನು ಒಟ್ಟಾರೆ ಅಲ್ಲದೆ ವಿಷಯವಾರು ಲೆಕ್ಕ ಹಾಕುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತಿರಲ್ಲ. ಒಂದು ಕ್ರೆಡಿಟ್ ಅಂದರೆ 15 ಗಂಟೆ ಪಾಠ. ಹೆಚ್ಚಿನ ಪೇಪರುಗಳು 4 ಕ್ರೆಡಿಟ್‌ನವು, ಅಂದರೆ ವಾರಕ್ಕೆ ನಾಲ್ಕರಂತೆ ಸೆಮಿಸ್ಟರಿಗೆ 60 ತರಗತಿ. ಶೇ 75 ಅಂದರೆ 45. ಹಾಗಾಗಿ ತಪ್ಪಿಸಬಹುದಾದದ್ದು 15 ತರಗತಿ ಮಾತ್ರ.

ಈಗ ವ್ಯಾಪಾರದ ಲೆಕ್ಕಕ್ಕೆ ಬನ್ನಿ. ಶನಿವಾರ ಗಿರಾಕಿ ಜಾಸ್ತಿ, ಮಗ ಅವತ್ತೊಂದು ದಿನ ಅಂಗಡಿಗೆ ಕೂರಲಿ ಅಂತ ತೀರ್ಮಾನ ಆಯ್ತು ಅಂದುಕೊಳ್ಳಿ. ಶನಿವಾರದ ಟೈಮ್‌ಟೇಬಲ್‌ನಲ್ಲಿ ಒಂದೇ ವಿಷಯದ ಎರಡು ತರಗತಿ ಇದ್ದರೆ 15 ವಾರಕ್ಕೆ 30 ತರಗತಿ ಹೋಯ್ತು. ಉಳಿದ ಐದೂ ದಿನ ಒಂದೂ ತಪ್ಪಿಸದೆ ಹೋದರೂ ಆ ವಿಷಯದಲ್ಲಿ ಅವನ ಹಾಜರಾತಿ ಶೇ 50. ಬೇರೆಲ್ಲ ವಿಷಯದಲ್ಲಿ ನೂರಕ್ಕೆ ನೂರಿದ್ದರೂ ಈ ಒಂದು ಪೇಪರು ಕೈಕೊಡುತ್ತೆ. ಅದೇ ಅವನು ಶನಿವಾರದ ಬದಲು ಪ್ರತಿದಿನ ಸಂಜೆ ಎರಡು ಗಂಟೆ ಕೂತರೆ ಕಾಲೇಜಿಗೆ ಏನೂ ನಷ್ಟ ಇಲ್ಲ. ಅಂಗಡಿ ಕೆಲಸ ಮಾಡಬಾರದು ಅಂತಲ್ಲ, ಟೈಮ್‌ಟೇಬಲ್ ಅಂಗಡಿ ಗೋಡೆಗೆ ಅಂಟಿಸಿಕೊಂಡು ಯಾವ ಹೊತ್ತು ಅಂತ ನಿರ್ಧಾರ ಮಾಡಬೇಕು. ಕಿರಾಣಿ ಅಂಗಡಿಯಲ್ಲಿ ದೀಪಾವಳಿ ವಾರ, ಬಟ್ಟೆ ಅಂಗಡಿಯಲ್ಲಿ ಮದುವೆ ಸೀಸನ್, ಹೂವಿನವರಿಗೆ ವರಮಹಾಲಕ್ಷ್ಮಿ ಹಬ್ಬ: ಆ 15 ತರಗತಿ ಇರೋದು ಇಂಥವಕ್ಕೆ, ಜೊತೆಗೆ ಜ್ವರಕ್ಕೆ, ನೆಂಟರ ಮನೆ ಸಾವಿಗೆ. ಮೊದಲ ತಿಂಗಳಲ್ಲೇ ಅದನ್ನು ಖರ್ಚು ಮಾಡಿಕೊಂಡರೆ ಡೆಂಗಿ ಬಂದಾಗ ಕೈಯಲ್ಲಿ ಏನೂ ಇರಲ್ಲ.

ಐಟಿಪಿಎಲ್ ಕಡೆ ನೈಟ್ ಶಿಫ್ಟ್ ಮಾಡುವವರದ್ದು, ಡೆಲಿವರಿ ಓಡಿಸುವವರದ್ದು ಇನ್ನೊಂದು ಬಗೆಯ ಕಷ್ಟ. ಅವರು ತರಗತಿಗೆ ಬರುತ್ತಾರೆ, ಬಂದು ನಿದ್ದೆ ಮಾಡುತ್ತಾರೆ. ಡಿಗ್ರಿಯಲ್ಲಿ ನೂರು ಜನರ ಮಧ್ಯೆ ಅದು ಕಾಣಲ್ಲ. ಪಿಜಿ ತರಗತಿಯಲ್ಲಿ ಮೂವತ್ತೋ ನಲವತ್ತೋ ಮಂದಿ ಇರ್ತಾರೆ. ಮೇಷ್ಟ್ರಿಗೆ ಎಲ್ಲರ ಹೆಸರೂ ಗೊತ್ತಿರುತ್ತೆ, ಇಂಟರ್ನಲ್ ಅಂಕ ಹಾಕುವವರೂ ಅವರೇ.

ಪಾಸಾದರೆ ಸಾಲದು

ಸಾಮಾನ್ಯವಾಗಿ ಒಂದು ಪೇಪರಿನ 100 ಅಂಕದಲ್ಲಿ 70 ಸೆಮಿಸ್ಟರ್ ಕೊನೆಯ ಪರೀಕ್ಷೆಗೆ, 30 ಇಂಟರ್ನಲ್‌ಗೆ. ಇಂಟರ್ನಲ್ ಅಂದರೆ ಎರಡು ಕಿರುಪರೀಕ್ಷೆ, ಸೆಮಿನಾರು, ಅಸೈನ್‌ಮೆಂಟು ಇತ್ಯಾದಿ. ಪರೀಕ್ಷೆಯಲ್ಲಿ ಫೇಲಾದರೆ ಮತ್ತೆ ಬರೆಯಬಹುದು. ಇಂಟರ್ನಲ್ ಕಡಿಮೆ ಬಂದರೆ ಸಾಮಾನ್ಯವಾಗಿ ಅದೇ ಅಂಕ ಕೊನೆವರೆಗೂ ಉಳಿಯುತ್ತೆ. ಇಷ್ಟಿದ್ದೂ ಹೊಸಬರು ಅತಿ ಹಗುರವಾಗಿ ತಗೊಳ್ಳೋದು ಇದನ್ನೇ.

ಇದು ಯಾಕೆ ಮುಖ್ಯ ಅಂದರೆ 55 ಅನ್ನುವ ಒಂದು ಸಂಖ್ಯೆಯಿಂದ. ಎಂ.ಎ ಮಾಡಿ ಲೆಕ್ಚರರ್ ಆಗ್ತಾಳೆ ಅನ್ನೋದು ಮನೆಯವರ ಆಸೆ. ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬರೆಯಬೇಕಾದ ಯುಜಿಸಿ ನೆಟ್ ಮತ್ತು ನಮ್ಮ ರಾಜ್ಯದ ಕೆ-ಸೆಟ್ ಎರಡಕ್ಕೂ ಸ್ನಾತಕೋತ್ತರದಲ್ಲಿ ಶೇ 55 ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಶೇ 50. ಪಿಯು ಉಪನ್ಯಾಸಕರ ನೇಮಕಾತಿಯಲ್ಲೂ ಶೇ 55 ಮತ್ತು ಬಿ.ಎಡ್ ಕೇಳಿದ್ದುಂಟು. ಶೇ 54 ತಗೊಂಡವರು ಪಾಸೇ, ಡಿಗ್ರಿ ಸರ್ಟಿಫಿಕೇಟೂ ಬರುತ್ತೆ, ಮನೆಯಲ್ಲಿ ಫೋಟೊಗೆ ಕಟ್ಟೂ ಹಾಕಿಸಬಹುದು. ಆದರೆ ಸಾಮಾನ್ಯ ವರ್ಗದವರಿಗೆ ಆ ಬಾಗಿಲು ಮುಚ್ಚಿದ ಹಾಗೆ.

ಲೆಕ್ಕ ಹಾಕಿ ನೋಡಿ. ಇಂಟರ್ನಲ್‌ನಲ್ಲಿ 30ಕ್ಕೆ 27 ಇದ್ದರೆ 55 ಮುಟ್ಟಲು ಪರೀಕ್ಷೆಯಲ್ಲಿ 70ಕ್ಕೆ 28 ಸಾಕು. ಇಂಟರ್ನಲ್ 15 ಇದ್ದರೆ 40 ಬೇಕು. ಆ 12 ಅಂಕದ ವ್ಯತ್ಯಾಸ ಬರೋದು ಸೆಮಿನಾರಿನ ದಿನ ಬಂದದ್ದು, ಅಸೈನ್‌ಮೆಂಟನ್ನು ಹೇಳಿದ ದಿನ ಕೊಟ್ಟದ್ದು, ಕಿರುಪರೀಕ್ಷೆ ತಪ್ಪಿಸದೇ ಇದ್ದದ್ದು ಇಂಥವುಗಳಿಂದ. ಒಂದೊಂದು ಸೆಮಿಸ್ಟರಿಗೆ ಐದಾರು ಪೇಪರು, ನಾಲ್ಕು ಸೆಮಿಸ್ಟರು. ಕೊನೆಯ ಸೆಮಿಸ್ಟರಿನಲ್ಲಿ ಎದ್ದು ಕೂತು ಸರಿ ಮಾಡ್ತೀನಿ ಅಂದರೆ ಅಷ್ಟು ಹೊತ್ತಿಗೆ ಮುಕ್ಕಾಲು ಪಾಲು ಅಂಕ ಬಂದು ಕೂತಿರುತ್ತೆ.

ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸರಣಿಯಲ್ಲಿ ನಡೆಯುತ್ತೆ. ಮೂರು ಗಂಟೆ, ಮೊದಲ ಪೇಪರಿಗೆ 50 ಪ್ರಶ್ನೆ, ಎರಡನೆಯದಕ್ಕೆ 100, ಒಟ್ಟು 300 ಅಂಕ. ಕೊನೆಯ ವರ್ಷದಲ್ಲಿ ಇರುವಾಗಲೇ ಬರೆಯಬಹುದು ಅನ್ನೋದು ಬಹಳ ಜನರಿಗೆ ತಿಳಿದಿಲ್ಲ. ಕೆ-ಸೆಟ್ ಅನ್ನು ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, ಈಗ ಸಿಇಟಿ ನಡೆಸುವ ಕೆಇಎ ನಡೆಸುತ್ತೆ. ಕನ್ನಡದಲ್ಲೂ ಪ್ರಶ್ನೆಗಳಿರುತ್ತವೆ, ವಯಸ್ಸಿನ ಮಿತಿ ಇಲ್ಲ. ಹಾಗಂತ ಸುಲಭ ಅಂದುಕೊಳ್ಳಬೇಡಿ. ಎರಡೂ ಪೇಪರು ಬರೆದವರಲ್ಲಿ ಅರ್ಹತೆ ಸಿಗೋದು ಶೇ 6ರಷ್ಟು ಜನಕ್ಕೆ.

ಓದುವ ರೀತಿಯೇ ಬೇರೆ

ಡಿಗ್ರಿಯಲ್ಲಿ ಮೇಷ್ಟ್ರು ಹೇಳ್ತಿದ್ದರು, ಹುಡುಗರು ಬರ್ಕೊಳ್ತಿದ್ದರು. ಪಿಜಿಯಲ್ಲಿ ಒಂದು ಅಧ್ಯಾಯಕ್ಕೆ ಮೂರು ಪುಸ್ತಕದ ಹೆಸರು ಹೇಳಿ, ಓದಿಕೊಂಡು ಬನ್ನಿ, ಮುಂದಿನ ವಾರ ನೀವೇ ಮಾತಾಡಿ ಅಂತಾರೆ. ಅದೇ ಸೆಮಿನಾರು. ಇಪ್ಪತ್ತು ನಿಮಿಷ ಬೋರ್ಡಿನ ಮುಂದೆ ನಿಂತು ಮಾತಾಡಬೇಕು, ಆಮೇಲೆ ಪ್ರಶ್ನೆ ಬರುತ್ತವೆ. ಹೆದರಿಕೆಗೆ ಆ ದಿನ ರಜೆ ಹಾಕುವವರು ಇದ್ದಾರೆ. ಅವರು ಅಂಕ ಕಳೆದುಕೊಳ್ಳುತ್ತಾರೆ, ಹೆದರಿಕೆ ಹಾಗೇ ಉಳಿಯುತ್ತೆ. ದಿನಕ್ಕೆ ನೂರು ಗಿರಾಕಿಗಳ ಹತ್ತಿರ ಮಾತಾಡಿ, ಚೌಕಾಸಿ ಮಾಡಿ ಅಭ್ಯಾಸ ಇರುವ ಅಂಗಡಿ ಮಕ್ಕಳು ಒಂದು ಸಲ ನಿಂತರೆ ಬೇರೆಯವರಿಗಿಂತ ಚೆನ್ನಾಗೇ ಮಾತಾಡುತ್ತಾರೆ ಅನ್ನೋದು ಬೇರೆ ಮಾತು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಭಾಷೆಯ ಚಿಂತೆ ಇರುತ್ತೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದಂಥ ವಿಷಯಗಳಲ್ಲಿ ಕನ್ನಡದಲ್ಲಿ ಉತ್ತರ ಬರೆಯುವ ಅವಕಾಶ ಹಲವೆಡೆ ಇದೆ, ಎಂ.ಕಾಂ, ಎಂ.ಎಸ್ಸಿ ಬಹುತೇಕ ಇಂಗ್ಲಿಷ್. ನಿಮ್ಮ ವಿಭಾಗದಲ್ಲಿ ಹೇಗೆ ಅಂತ ಮೊದಲ ವಾರದಲ್ಲೇ ಮುಖ್ಯಸ್ಥರನ್ನು ಕೇಳಬೇಕು. ನಾಚಿಕೊಂಡು ಸುಮ್ಮನಿದ್ದು ಪರೀಕ್ಷೆ ಹಾಲಿನಲ್ಲಿ ಗೊತ್ತಾಗೋದಕ್ಕಿಂತ ಅದು ವಾಸಿ. ಬೇರೆ ವಿಭಾಗದ ಒಂದು ವಿಷಯವನ್ನು ಆಯ್ಕೆ ಮಾಡಿಕೊಂಡು ಓದುವ ಓಪನ್ ಎಲೆಕ್ಟಿವ್ ಅನ್ನೋದೂ ಇದೆ. ಸ್ನೇಹಿತರು ತಗೊಂಡರು ಅಂತ ತಗೊಳ್ಳಬೇಡಿ, ಅದರ ಅಂಕವೂ ಅಂಕಪಟ್ಟಿಯಲ್ಲಿ ಬರುತ್ತೆ.

ಪುಸ್ತಕಕ್ಕೆ ದುಡ್ಡು ಸುರಿಯುವ ಅಗತ್ಯ ಇಲ್ಲ. ಇ-ಪಿಜಿ ಪಾಠಶಾಲಾದಲ್ಲಿ ಸ್ನಾತಕೋತ್ತರ ಪಾಠಗಳು ಪುಕ್ಕಟೆ ಸಿಗುತ್ತವೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾದಲ್ಲಿವೆ, ಕನ್ನಡದಲ್ಲಿ ಬರೆದವೂ ಇವೆ. ಕೂತು ಓದಲು ಮನೆಯಲ್ಲಿ ಜಾಗ ಇಲ್ಲದವರಿಗೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಇದೇ ನೇರಳೆ ಮಾರ್ಗದಲ್ಲಿದೆ.

ಜೆರಾಕ್ಸ್ ಅಂಗಡಿಯವರ ಗಮನಕ್ಕೆ

ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಅಥವಾ ಕಿರುಪ್ರಬಂಧ ಬರುತ್ತೆ. ಕಾಲೇಜುಗಳ ಸುತ್ತ ಇರುವ ಡಿಟಿಪಿ ಅಂಗಡಿಗಳಿಗೆ ಅದು ಸುಗ್ಗಿ. ಬೈಂಡಿಂಗು, ಗೋಲ್ಡನ್ ಅಕ್ಷರದ ರಟ್ಟು, ಪ್ರಿಂಟು ಎಲ್ಲ ಸರಿ. ತೊಂದರೆ ಇರೋದು ಹೋದ ವರ್ಷದವರ ಫೈಲಿಗೆ ಹೆಸರು ಬದಲಿಸಿ ಕೊಡುವ 'ರೆಡಿಮೇಡ್' ವ್ಯಾಪಾರದಲ್ಲಿ. ಈಗ ಪ್ರಬಂಧಗಳನ್ನು ನಕಲು ಪತ್ತೆ ಮಾಡುವ ಸಾಫ್ಟ್‌ವೇರ್‌ಗೆ ಹಾಕಿ ನೋಡ್ತಾರೆ. 2018ರ ಯುಜಿಸಿ ನಿಯಮದ ಪ್ರಕಾರ ಹೋಲಿಕೆ ಶೇ 10ರ ಒಳಗಿದ್ದರೆ ದಂಡ ಇಲ್ಲ. ಶೇ 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು. ಶೇ 40ರಿಂದ 60 ಇದ್ದರೆ ಒಂದು ವರ್ಷ ಕೊಡುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಅಂಗಡಿಯವರು ಸಾವಿರ ರೂಪಾಯಿಗೆ ಮಾರಿದ ಫೈಲು ಒಬ್ಬ ಹುಡುಗನ ಎರಡು ವರ್ಷ ನುಂಗಬಹುದು. ಗೊತ್ತಿಲ್ಲದೆ ಮಾಡ್ತಿದ್ದೆವು ಅನ್ನುವವರಿಗೆ ಈಗ ಗೊತ್ತಾಯಿತು.

ಕಾಗದ ಪತ್ರ

ಪ್ರವೇಶ, ಪರೀಕ್ಷಾ ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ ಎಲ್ಲವೂ ಈಗ ಯುಯುಸಿಎಂಎಸ್ ಅನ್ನುವ ಒಂದೇ ಆನ್‌ಲೈನ್ ವ್ಯವಸ್ಥೆಯಲ್ಲಿ. ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿಸಿದವರು ಅಲ್ಲಿಯವರ ಮೊಬೈಲ್ ನಂಬರು, ಅಲ್ಲಿಯವರ ಇಮೇಲ್ ಕೊಟ್ಟು ಬಂದಿರುತ್ತಾರೆ. ಒಟಿಪಿ ಅವರಿಗೆ ಹೋಗುತ್ತೆ. ಸ್ವಂತ ನಂಬರು ಕೊಡಿ, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಹೆಸರು, ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯಾ ಅಂತ ಒಂದೊಂದೇ ಅಕ್ಷರ ನೋಡಿ. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಮುಂದೆ ಎಲ್ಲ ಕಡೆ ಸಿಕ್ಕಿಹಾಕಿಕೊಳ್ಳುತ್ತೆ.

ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಇಲ್ಲಿ ದುಡ್ಡು ತಪ್ಪಿಹೋಗೋದು ಎರಡು ಕಡೆ. ಒಂದು, ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ಪಿಯುಸಿ ಎರಡು ವರ್ಷ, ಡಿಗ್ರಿ ಮೂರು ವರ್ಷ, ಅಲ್ಲಿಗೆ ಐದಾಯ್ತು. ಪಿಯುಸಿಗೆ ಸೇರುವಾಗ ಮಾಡಿಸಿದ್ದು ಸರಿಯಾಗಿ ಪಿಜಿ ಸೇರುವ ಹೊತ್ತಿಗೆ ಮುಗಿದಿರುತ್ತೆ. ನಾಡಕಚೇರಿಯಲ್ಲಿ ಹೊಸದು ಮಾಡಿಸಿ ಆರ್‌ಡಿ ಸಂಖ್ಯೆ ತಗೊಂಡು ಆಮೇಲೆ ಅರ್ಜಿ ಹಾಕಬೇಕು. ಬೆಂಗಳೂರು ಪೂರ್ವ ತಾಲ್ಲೂಕಿನವರು ತಮ್ಮ ಹೋಬಳಿ ಕೆ.ಆರ್.ಪುರವೋ, ವರ್ತೂರೋ, ಬಿದರಹಳ್ಳಿಯೋ ನೋಡಿಕೊಂಡು ಹೋಗಿ. ಎರಡು, ದುಡ್ಡು ಬರೋದು ಆಧಾರ್ ಜೋಡಣೆಯಾದ ಖಾತೆಗೆ, ನೀವು ಅಂದುಕೊಂಡ ಖಾತೆಗಲ್ಲ. ಸಿಮ್ ತಗೊಳ್ಳುವಾಗಲೋ, ಪಾರ್ಟ್‌ಟೈಮ್ ಕೆಲಸಕ್ಕೆ ಸೇರುವಾಗಲೋ ತೆರೆದ ಯಾವುದೋ ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ದುಡ್ಡು ಅಲ್ಲಿಗೆ ಹೋಗಿ ಕೂತಿರುತ್ತೆ. ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗೆ ಆಗಿದೆ ಅಂತ ಕೇಳಿದರೆ ಹೇಳ್ತಾರೆ. ಹಾಸ್ಟೆಲ್ ಸಿಗದೆ ರೂಮು ಮಾಡಿಕೊಂಡಿರುವ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಊಟ-ವಸತಿ ಸಹಾಯವೂ ಇದೇ ಪೋರ್ಟಲ್‌ನಲ್ಲಿ. ಅಂಗಡಿಯವರು ಜಿಎಸ್‌ಟಿ, ರೇಷನ್ ಕಾರ್ಡು, ಆದಾಯ ಪತ್ರದಲ್ಲಿ ಮೂರು ಬೇರೆ ಬೇರೆ ಆದಾಯ ತೋರಿಸಿದ್ದರೆ ಅದನ್ನೂ ಒಮ್ಮೆ ಯೋಚಿಸಿ.

ಪ್ರತಿವರ್ಷ ವಿದ್ಯಾರ್ಥಿಯೂ ಪೋಷಕರೂ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ ಕೊಡಬೇಕು. ಸುಮ್ಮನೆ ಸಹಿ ಹಾಕುವ ಕಾಗದ ಅಂದುಕೊಳ್ಳುವ ಮೊದಲು ಒಂದು ಸಲ ಓದಿ. ತೊಂದರೆಯಾದರೆ ಸಹಾಯವಾಣಿ 1800-180-5522. ಮೂಲ ಅಂಕಪಟ್ಟಿಗಳನ್ನು ನೋಡಿ ವಾಪಸ್ ಕೊಡಬೇಕು, ಕಾಲೇಜು ಅವನ್ನು ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ ಹೇಳಿದೆ.

ಪಿಎಚ್‌ಡಿ ಬಗ್ಗೆ ಕೇಳುವವರಿಗೆ ಚಿಕ್ಕದಾಗಿ: 2022ರ ಯುಜಿಸಿ ನಿಯಮದಂತೆ ಕನಿಷ್ಠ ಮೂರು, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ, ಜೊತೆಗೆ ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್. ಒಬ್ಬ ಪ್ರೊಫೆಸರ್ ಹತ್ತಿರ ಏಕಕಾಲಕ್ಕೆ ಎಂಟು ಮಂದಿ ಮಾತ್ರ ಇರಬಹುದು. ಹಾಗಾಗಿ ಗೈಡ್ ಸಿಗೋದೇ ಮೊದಲ ಕಷ್ಟ. ಪಿಜಿಯ ಎರಡು ವರ್ಷದಲ್ಲಿ ಮೇಷ್ಟ್ರಿಗೆ ನಿಮ್ಮ ಹೆಸರು ಒಳ್ಳೆಯದಕ್ಕೆ ನೆನಪಿದ್ದರೆ ಅದು ಇಲ್ಲಿ ಉಪಯೋಗಕ್ಕೆ ಬರುತ್ತೆ.

ಆಗಲ್ಲ ಅನ್ನಿಸಿದರೆ

ಕೆಲವು ಮನೆಗಳಲ್ಲಿ ನಿಜಕ್ಕೂ ಆಗಲ್ಲ. ಅಪ್ಪನಿಗೆ ಹುಷಾರಿಲ್ಲ, ಅಂಗಡಿಗೆ ಬೇರೆ ಯಾರೂ ಇಲ್ಲ. ಶೇ 75 ಹಾಜರಾತಿ ಕನಸಿನ ಮಾತು ಅಂತ ಮೊದಲ ತಿಂಗಳಲ್ಲೇ ಗೊತ್ತಾದರೆ ಸುಮ್ಮನೆ ಎಳೆಯುತ್ತಾ ಹೋಗಬೇಕಿಲ್ಲ. ಶುಲ್ಕ ವಾಪಸಾತಿಗೆ 2018ರ ಯುಜಿಸಿ ಸೂಚನೆ ಇದೆ. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಇರುವಾಗಲೇ ಬಿಟ್ಟರೆ ಪೂರ್ತಿ, ಅದಕ್ಕಿಂತ ತಡವಾಗಿ ಆದರೆ ಕೊನೆಯ ದಿನದೊಳಗೆ ಬಿಟ್ಟರೆ ಶೇ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50. ಆಮೇಲೆ ಸೊನ್ನೆ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ದಿನಾಂಕಗಳನ್ನೂ ಕೊಟ್ಟಿದೆ, ಆ ವರ್ಷದ ಸುತ್ತೋಲೆ ನೋಡಬೇಕು. ಅರ್ಜಿ ಬರಹದಲ್ಲಿ ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಂಡು ಬನ್ನಿ.

ಬಿಟ್ಟವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ನಡುವೆ ಕೆಲ ವರ್ಷ ಅದರ ಮಾನ್ಯತೆ ಹೋಗಿತ್ತು, 2018ರಲ್ಲಿ ಮತ್ತೆ ಸಿಕ್ಕಿತು. ಆ ಹಳೇ ಸುದ್ದಿ ಕೇಳಿ ಈಗಲೂ ಹಿಂಜರಿಯುವವರು ಇದ್ದಾರೆ. ಮಾನ್ಯತೆ ಇರುವ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ ನಿಯಮದಲ್ಲೇ ಇದೆ, ನೆಟ್, ಕೆ-ಸೆಟ್‌ಗೂ ನಡೆಯುತ್ತೆ. ಜುಲೈ ಮತ್ತು ಜನವರಿ ಎರಡು ಸರಣಿಯಲ್ಲಿ ಪ್ರವೇಶ ಕೊಡ್ತಾರೆ, ಬೆಂಗಳೂರಿನಲ್ಲೇ ಪ್ರಾದೇಶಿಕ ಕೇಂದ್ರಗಳಿವೆ. ಜುಲೈ ತಪ್ಪಿದವರು ಜನವರಿಗೆ ಸೇರಬಹುದು. ಸೇರುವ ಮೊದಲು ನಿಮಗೆ ಬೇಕಾದ ಕೋರ್ಸಿಗೆ ಆ ವರ್ಷದ ಮಾನ್ಯತೆ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಕೊಳ್ಳಿ.